ಅಕ್ಕ ಹಿಡಿಯದ ಗುದ್ದಲಿ

ನಮ್ಮ ಅಕ್ಕ ಶಾಸಕಿಯಾಗುವ ಮೊದಲು ಹದಿನೆಂಟು ವರ್ಷ ಚಹಾ ಕಳಿಸಿದಳು. ಇಳಕಲ್ಲಿನ ಅವಳ ಗಂಡನ ಮನೆಯ ಪಡಸಾಲೆಗೆ ಬೆಳಿಗ್ಗೆ ಆರಕ್ಕೇ ಜನ ಬಂದು ಕೂರುತ್ತಿದ್ದರು. ಒಬ್ಬನಿಗೆ ಹೊಲದ ದಾರಿಯ ಜಗಳ, ಒಬ್ಬಳಿಗೆ ಪಿಂಚಣಿ, ಇನ್ನೊಂದು ಊರಿಗೆ ಬಸ್ಸು ನಿಲ್ಲುವುದಿಲ್ಲ, ಮತ್ತೊಂದು ಊರಿನಲ್ಲಿ ಕರೆಂಟಿನ ಟಿ.ಸಿ. ಸುಟ್ಟು ವಾರವಾಗಿದೆ. ಅಕ್ಕ ಅಡುಗೆಮನೆಯ ಬಾಗಿಲ ಮರೆಯಲ್ಲಿ ನಿಂತು ತಟ್ಟೆಗಟ್ಟಲೆ ಚಹಾ ಕಳಿಸುತ್ತಿದ್ದಳು, ನಿಂತಲ್ಲೇ ಎಲ್ಲವನ್ನೂ ಕೇಳಿಸಿಕೊಳ್ಳುತ್ತಿದ್ದಳು. ಅಕ್ಕನ ಗಂಡನಿಗೆ ನಾವು ಮಾಮಾ ಅನ್ನುತ್ತಿದ್ದೆವು. ಮೊದಲು ಊರ ಮುಖಂಡರು, ಆಮೇಲೆ ಎರಡು ಸಲ ಆರಿಸಿ ಬಂದ ಶಾಸಕರು, ಆದರೆ ಮರೆವು ಜಾಸ್ತಿ. "ಅಂವ ಹ್ವಾದ ವಾರಾನೂ ಬಂದಿದ್ದ, ಹೊಲದ ದಾರಿ ಸಲುವಾಗಿ. ಇವತ್ತೂ ಹಂಗ ಕಳಸಬ್ಯಾಡ್ರಿ," ಎಂದು ಅಕ್ಕ ಒಳಗಿನಿಂದಲೇ ನೆನಪು ಮಾಡುವಳು. "ನಮ್ಮ ಮನ್ಯಾಗ ಇಬ್ರು ಎಮ್ಮೆಲ್ಲೆ ಅದೀವಿ ನೋಡ್ರಿ," ಎಂದು ಮಾಮಾ ನಗುತ್ತಿದ್ದರು. ಎಲ್ಲರೂ ನಗುತ್ತಿದ್ದರು. ಅಕ್ಕನೂ ನಗುತ್ತಿದ್ದಳು.

ಮತಕ್ಷೇತ್ರದ ಹೆಸರನ್ನಾಗಲಿ ಪಕ್ಷದ ಹೆಸರನ್ನಾಗಲಿ ನಾನಿಲ್ಲಿ ಬರೆಯುವುದಿಲ್ಲ. ಬರೆದರೆ ತ್ರಾಸಾಗುವುದು ಪಕ್ಷಕ್ಕಲ್ಲ, ಅಕ್ಕನಿಗೆ. ನಾನು ಬಾಗಲಕೋಟೆಯ ನವನಗರದಲ್ಲಿ ಒಂದು ಖಾಸಗಿ ಶಾಲೆಯಲ್ಲಿ ಕನ್ನಡ ಕಲಿಸುವವಳು. ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಸ್ಟಾಫ್ ರೂಮಿನಲ್ಲಿ ನನ್ನ ಬಗ್ಗೆ ಮಾತಿದೆ. ಸುಳ್ಳಲ್ಲ.

ಒಂದು ಮುಂಜಾನೆ ಬಚ್ಚಲಿಗೆ ಹೋದ ಮಾಮಾ ಅಲ್ಲೇ ಕುಸಿದರು. ಕಾರಿನಲ್ಲಿ ಹಾಕಿಕೊಂಡು ಬಾಗಲಕೋಟೆ ಮುಟ್ಟುವಷ್ಟರಲ್ಲಿ ಮುಗಿದಿತ್ತು. ಅವರಿಗೆ ಮಕ್ಕಳಿರಲಿಲ್ಲ. ಮನೆಯಲ್ಲಿ ಉಳಿದವರು ಅಕ್ಕ, ಮಾಮಾನ ತಮ್ಮ, ಆ ತಮ್ಮನ ಹೆಂಡತಿ. ನಮ್ಮ ತವರು ಬಾದಾಮಿಯಲ್ಲಿದ್ದರೂ ತವರೆನ್ನುವಂಥ ಮನೆ ಅಲ್ಲಿ ಉಳಿದಿಲ್ಲ. ಅಪ್ಪ ಅವ್ವ ಇಬ್ಬರೂ ಹೋಗಿದ್ದರು. ಹಾಗಾಗಿ ಅಕ್ಕನ ಮಗ್ಗುಲಲ್ಲಿ ಕೂರಲು ನಾನೊಬ್ಬಳೇ ರಜೆ ಹಾಕಿ ಬಂದೆ.

ದಿನಕರ್ಮ ಮುಗಿಯುವ ಮೊದಲೇ ಪಕ್ಷದವರು ಬಂದರು. ಅವರಲ್ಲಿ ಒಬ್ಬರು ಬೇರೆ ಜಿಲ್ಲೆಯ ಧುರೀಣರು, ಉಪಚುನಾವಣೆಯ ಉಸ್ತುವಾರಿ ಅವರದು. ಇಸ್ತ್ರಿ ಮುರಿಯದ ಬಿಳಿ ಅಂಗಿ, ಬೆಣ್ಣೆಯಂಥ ಮಾತು. ಪಡಸಾಲೆಯಲ್ಲಿ ಕೂತು ಅವರು ಹೇಳಿದ್ದು ಒಳಕೋಣೆಯಲ್ಲಿದ್ದ ನಮಗೆ ಒಂದಕ್ಷರವೂ ಬಿಡದೆ ಕೇಳಿಸಿತು. "ತಮ್ಮಗ ಟಿಕೆಟ್ ಕೊಟ್ರ ಬರೇ ಪಕ್ಷದ ಓಟ ಬರ್ತಾವ್ರಿ. ಸಾಹೇಬ್ರ ಮನಿ ಬಾಯಾರಿಗೆ ಕೊಟ್ರ ಕಣ್ಣೀರಿನ ಓಟೂ ಬರ್ತಾವ." ಆಮೇಲೆ ಅಕ್ಕನ ಮೈದುನನ ದನಿ ಬಂತು. "ಆತು ಬಿಡ್ರಿ. ವೈನಿ ನಿಂದ್ರಲಿ. ನಾ ಬೆನ್ನಿಗಿರ್ತೇನಿ."

ಅಕ್ಕನನ್ನು ಯಾರೂ ಕೇಳಲಿಲ್ಲ. ಸಹಿ ಮಾಡಬೇಕಾದ ಕಾಗದಗಳು ಮಾತ್ರ ಒಳಗೆ ಬಂದವು. ಎಣ್ಣೆ ಕಾಣದ ತಲೆಯನ್ನು ಗೋಡೆಗೆ ಆನಿಸಿ ಕೂತಿದ್ದ ಅಕ್ಕ ಅವನ್ನು ನನ್ನ ಕೈಗೆ ಕೊಟ್ಟು, "ಏನ ಬರದೈತಿ ಓದ," ಎಂದಳು. ಓದಿದೆ. ಆಮೇಲೆ ತಾನೇ ಇಸಿದುಕೊಂಡು ಇನ್ನೊಮ್ಮೆ ಓದಿದಳು, ನಿಧಾನವಾಗಿ, ಕೊನೆಯ ಸಾಲಿನವರೆಗೆ. ಹೊರಗೆ ಕಾಯುತ್ತಿದ್ದವರು ಕೆಮ್ಮತೊಡಗಿದರು. ಅವರು ಕೆಮ್ಮಲಿ ಎಂದು ಬಿಟ್ಟು ಓದಿ ಮುಗಿಸಿ ಸಹಿ ಮಾಡಿದಳು. ಇವಳು ಸುಮ್ಮನೆ ಕೂರುವ ಶಾಸಕಿಯಾಗುವುದಿಲ್ಲ ಎಂದು ನನಗೆ ಅನ್ನಿಸಿದ್ದು ಆವತ್ತೇ.

ಪ್ರಚಾರ ಶುರುವಾಯಿತು. ಉಸ್ತುವಾರಿಯವರಿಗೆ ಅಕ್ಕನ ಭಾಷಣಕ್ಕಿಂತ ಅವಳ ವೇಷದ ಚಿಂತೆ. "ಸೆರಗ ಕೆಂಪ ಬ್ಯಾಡ್ರಿ, ತಿಳಿ ಬಣ್ಣದ್ದ ಉಡಸ್ರಿ," ಎಂದು ನನಗೆ ಹೇಳಿದರು. ಇಳಕಲ್ ಸೀರೆಯ ಸೆರಗು ಕೆಂಪೇ ಇರುತ್ತದೆ, ಯಾರು ಉಟ್ಟರೂ ಕೆಂಪೇ. ನಮ್ಮಜ್ಜಿ ಗಂಡ ಸತ್ತ ಮೇಲೂ ಸಾಯುವತನಕ ಅದನ್ನೇ ಉಟ್ಟಳು. "ಹಂಗಾರ ಇಡೀ ಊರಿನ ಮಗ್ಗಾ ಬಂದ್ ಮಾಡಸ್ರಿ," ಎಂದೆ. ಆತ ನಕ್ಕರು. ಮಾರನೇ ದಿನ ಎಲ್ಲಿಂದಲೋ ಎರಡು ಬೂದು ಬಣ್ಣದ ಸಿಂಥೆಟಿಕ್ ಸೀರೆ ತರಿಸಿ ಕಳಿಸಿದರು. ಅಕ್ಕ ಅವನ್ನೇ ಉಟ್ಟಳು.

ಐಹೊಳೆ ಕಡೆಯ ಒಂದು ಸಣ್ಣ ಊರಿಗೆ ಹೋದಾಗ ಅಲ್ಲಿನವರು ಮೊದಲು ಬೀರಪ್ಪನ ಗುಡಿಗೆ ಕರೆದೊಯ್ದರು. ಕುರಿ ಸಾಕುವ ಮನೆಗಳೇ ಹೆಚ್ಚಿರುವ ಊರು. ಪೂಜಾರಿ ಹಿಡಿ ತುಂಬ ಅರಿಸಿನದ ಭಂಡಾರ ತೆಗೆದುಕೊಂಡು ಅಕ್ಕನ ಹಣೆಗೆ ಬಳಿದ. ಅವಳು ಅರೆಕ್ಷಣ ಹಿಂದೆ ಸರಿದಳು. "ಅಂಜಬ್ಯಾಡವ್ವಾ. ಬೀರಪ್ಪನ ಭಂಡಾರಕ್ಕ ಗಂಡ ಇದ್ದಾಕಿ ಇಲ್ಲದಾಕಿ ಅನ್ನೂದಿಲ್ಲ," ಎಂದ. ಗಂಡ ಹೋದ ಮೇಲೆ ಅಕ್ಕನ ಹಣೆಯ ಮೇಲೆ ಏನಾದರೂ ಬಿದ್ದದ್ದು ಅದೇ ಮೊದಲು. ಗುಡಿಯಿಂದ ಹೊರಗೆ ಬಂದಾಗ ಅವಳ ಮುಖ ಹಳದಿಯಾಗಿತ್ತು, ಕಣ್ಣು ತುಂಬಿದ್ದವು, ಆದರೆ ಬಹಳ ದಿನದ ಮೇಲೆ ನೆಟ್ಟಗೆ ನಡೆದಳು.

ಕಾರು ಹತ್ತಿದ ಕೂಡಲೆ ಉಸ್ತುವಾರಿಯವರು ಮುಂದಿನ ಸೀಟಿನಿಂದ ತಿರುಗಿದರು. "ಟೀಚರ್, ಅದನ್ನಷ್ಟು ಒರಸ್ರಿ. ಮುಂದಿನ ಊರಾಗ ಟಿವಿಯವ್ರು ಅದಾರ. ದೂರಿಂದ ಕುಂಕುಮದ ಗತೆ ಕಾಣತೈತಿ. ಬೋಳ ಹಣೀನ ನಮ್ಮ ಗುರ್ತು ಅಂತ ತಿಳ್ಕೋರಿ."

ಈಗ ನೆನೆದರೆ ಆ ಮನುಷ್ಯನ ಕೆನ್ನೆಗೆ ಬಾರಿಸಬೇಕಿತ್ತು ಅನ್ನಿಸುತ್ತದೆ. ಬಾರಿಸಲಿಲ್ಲ. ಬಾಟಲಿಯ ನೀರು ಸೆರಗಿಗೆ ಹಾಕಿಕೊಂಡು ಅಕ್ಕನ ಹಣೆ ಒರೆಸಿದೆ. ಅರಿಸಿನ ಅಷ್ಟು ಸುಲಭಕ್ಕೆ ಹೋಗುವುದಿಲ್ಲ, ತಿಕ್ಕಬೇಕಾಯಿತು. "ಇದು ದೇವರದ್ದಲ್ಲೇನ?" ಎಂದು ಕಣ್ಣು ಮುಚ್ಚಿಕೊಂಡೇ ಕೇಳಿದಳು. "ಹದಿನೈದ ದಿನಾ ತಡಿ ಅಕ್ಕಾ. ಗೆದ್ದ ಮ್ಯಾಲ ನಿನ್ನ ಹಣಿ ನಿಂದು," ಎಂದೆ. ಹಾಗೆಯೇ ನಂಬಿದ್ದೆ ಕೂಡ.

ಗೆದ್ದಳು. ಕಣ್ಣೀರಿನ ಓಟು ಉಸ್ತುವಾರಿಯವರು ಹೇಳಿದಂತೆಯೇ ಬಂದಿದ್ದವು.

ಗೆದ್ದ ಮೇಲಿನ ಮೊದಲ ಕೆಲಸ ಹುನಗುಂದದ ಆಚೆಗಿನ ಒಂದು ಹಳ್ಳಿಯ ಕಾಂಕ್ರೀಟ್ ರಸ್ತೆ. ನಮ್ಮಲ್ಲಿ ಸರ್ಕಾರಿ ಕೆಲಸ ಯಾವುದೇ ಇರಲಿ, ಗುದ್ದಲಿ ಪೂಜೆಯಾಗದೆ ಶುರುವಾಗುವುದಿಲ್ಲ. ಕೆಲಸ ಮುಗಿಯುವುದು ಬಿಡುವುದು ದೇವರಿಗೆ ಬಿಟ್ಟದ್ದು, ನೆಲಕ್ಕೆ ಮೂರು ಏಟು ಹಾಕಿ ಫೋಟೋ ತೆಗೆಸುವುದಂತೂ ತಪ್ಪುವುದಿಲ್ಲ. ಶಾಮಿಯಾನ ಹಾಕಿದ್ದರು. ಅರಿಸಿನ ಕುಂಕುಮ ಹಚ್ಚಿ ಹೂ ಸುತ್ತಿದ ಹೊಸ ಗುದ್ದಲಿ, ಕಾಯಿ, ಊದಿನಕಡ್ಡಿ ಎಲ್ಲ ಸಿದ್ಧವಿತ್ತು. ಐದು ಜನ ಮುತ್ತೈದೆಯರು ಆರತಿ ಹಿಡಿದು ನಿಂತಿದ್ದರು. ಪೂಜಾರಿ ಮಂತ್ರ ಮುಗಿಸಿ ಗುದ್ದಲಿ ಎತ್ತಿ ಹಿಡಿದ. ಅಕ್ಕ ಕೈ ಚಾಚಿ ಒಂದು ಹೆಜ್ಜೆ ಮುಂದೆ ಬಂದಳು. ಪೂಜಾರಿಯ ಕೈ ಅಲ್ಲೇ ನಿಂತಿತು.

ಒಂದು ಉಸಿರು ಎಳೆದು ಬಿಡುವಷ್ಟು ಹೊತ್ತು, ಅಷ್ಟೇ. ಆ ಹೊತ್ತಿನಲ್ಲಿ ನನಗೆ ನಮ್ಮವ್ವ ಕಂಡಳು. ನನ್ನ ಮದುವೆಯಲ್ಲಿ ಅಕ್ಷತೆ ಹಾಕುವಾಗ ಅವ್ವ ಕಂಬದ ಹಿಂದೆ ನಿಂತಿದ್ದಳು, ಹೆತ್ತ ಮಗಳ ಮದುವೆಯಲ್ಲಿ. ಅಪ್ಪ ಹೋಗಿ ಎರಡು ವರ್ಷವಾಗಿತ್ತು. ನೂರು ಜನರ ಮುಂದೆ ಯಾರಾದರೂ ಅಕ್ಕನಿಗೆ "ನೀವು ಬ್ಯಾಡ್ರಿ" ಅಂದುಬಿಟ್ಟರೆ ಎಂದು ಹೆದರಿದೆ. ಅವರು ಅನ್ನುವ ಮೊದಲೇ ನಾನೇ ಅವಳ ಸೆರಗು ಹಿಡಿದು ಹಿಂದಕ್ಕೆಳೆದೆ. "ನಿನ್ನ ಮೈದುನಾ ಅವನ ಹೇಂತಿ ಜೋಡೀಲೆ ಹಿಡೀಲಿ ಬಿಡ. ಏನಾಗತೈತಿ," ಎಂದು ಕಿವಿಯಲ್ಲಿ ಹೇಳಿದೆ. ಅಕ್ಕ ನನ್ನ ಮುಖ ನೋಡಿದಳು. ಚಾಚಿದ ಕೈ ಹಿಂದೆ ತೆಗೆದುಕೊಂಡಳು. ಮೈದುನ ಹೆಂಡತಿಯನ್ನು ಕರೆದುಕೊಂಡು ಮುಂದೆ ಬಂದ, ಇಬ್ಬರೂ ಗುದ್ದಲಿ ಹಿಡಿದರು, ನೆಲಕ್ಕೆ ಮೂರು ಏಟು ಬಿದ್ದವು, ಜನ ಚಪ್ಪಾಳೆ ತಟ್ಟಿದರು. ಮರುದಿನದ ಪೇಪರಿನಲ್ಲಿ ಫೋಟೋ ಬಂತು. ಅಕ್ಕನದು ಅರ್ಧ ಮುಖ ಕಾಣುತ್ತಿತ್ತು.

ನಮ್ಮ ಕಡೆ ಒಂದು ಸಲ ಆದದ್ದು ಎರಡನೇ ಸಲಕ್ಕೆ ರೂಢಿ, ಮೂರನೇ ಸಲಕ್ಕೆ ಸಂಪ್ರದಾಯ. ಆಮೇಲೆ ಎಲ್ಲೇ ಕೆಲಸ ಶುರುವಾದರೂ ಪೂಜಾರಿ ಗುದ್ದಲಿಯನ್ನು ನೇರ ಮೈದುನನ ಕೈಗೇ ಕೊಡುತ್ತಿದ್ದ. ಅವನ ಗಾಡಿಯ ಡಿಕ್ಕಿಯಲ್ಲಿ ಒಂದು ಹೊಸ ಗುದ್ದಲಿ ಖಾಯಂ ಇರತೊಡಗಿತು. ಫೋಟೋ ತೆಗೆಯುವವನೂ ಅವನ ಜೊತೆಗೇ ಬರುತ್ತಿದ್ದ. ಶಾಲೆಯ ಕೋಣೆ, ಗಟಾರು, ಸಮುದಾಯ ಭವನ, ನೀರಿನ ಟ್ಯಾಂಕು, ಎಲ್ಲದಕ್ಕೂ ಅವರಿಬ್ಬರದೇ ಕೈ. ಕಲ್ಲಿನ ಮೇಲೆ ಮಾತ್ರ ಶಾಸಕಿ ಎಂದು ಅಕ್ಕನ ಹೆಸರು ಕೆತ್ತುತ್ತಿದ್ದರು. ಓಟು ತರುವಾಗ ಬೇಕಾಗಿದ್ದ ಆ ಹಣೆ, ಕಾಯಿ ಒಡೆಯುವಾಗ ಬೇಡವಾಯಿತು. ಇದನ್ನು ನಾನು ಆಗಲೇ ಕಂಡಿದ್ದೆ. ಕಂಡೂ ಸುಮ್ಮನಿದ್ದೆ, ಯಾಕೆಂದರೆ ಅಕ್ಕ ಬೇರೆ ಕಡೆ ಅರಳುತ್ತಿದ್ದಳು.

ಖರೆ ಹೇಳಬೇಕೆಂದರೆ ಅಷ್ಟು ಗಟ್ಟಿ ಶಾಸಕಿಯಾಗುತ್ತಾಳೆ ಎಂದು ನಾನೂ ಎಣಿಸಿರಲಿಲ್ಲ. ಹದಿನೆಂಟು ವರ್ಷ ಬಾಗಿಲ ಮರೆಯಲ್ಲಿ ಕೇಳಿಸಿಕೊಂಡದ್ದೆಲ್ಲ ಈಗ ಬಾಯಿಗೆ ಬಂತು. ತಾಲೂಕು ಕಚೇರಿಗೆ ಹೋದರೆ ಅಧಿಕಾರಿ ಫೈಲು ಹುಡುಕುವ ಮೊದಲೇ ಅದು ಯಾವ ಟೇಬಲ್ಲಿಗೆ ಎಷ್ಟನೇ ಸಲ ಬಂದು ನಿಂತಿದೆ ಎಂದು ಇವಳೇ ಹೇಳುವಳು. "ಮೇಡಮ್, ನಿಮಗ ಹ್ಯಾಂಗ ಗೊತ್ರಿ?" ಎಂದು ಒಬ್ಬಾತ ಕೇಳಿದನಂತೆ. "ಆ ಅರ್ಜಿ ಹಾಕಿದಾಂವಗ ನಾಕ ಸಲ ಚಾ ಕುಡಿಸೀನ್ರಿ," ಎಂದಳಂತೆ. ಪಡಸಾಲೆಗೆ ಬಂದ ಹೆಂಗಸರು ಮೊದಲು ಅಡುಗೆಮನೆಯ ಕಡೆ ಹೋಗುತ್ತಿದ್ದರು, ಈಗ ಸೋಫಾದ ಮೇಲೆ ಅವಳ ಪಕ್ಕಕ್ಕೇ ಕೂತು ಮಾತಾಡತೊಡಗಿದರು.

ಐಹೊಳೆ ಕಡೆಯ ಆ ಬೀರಪ್ಪನ ಊರಿಗೂ ಹೆದ್ದಾರಿಗೂ ನಡುವೆ ಒಂದು ಹಳ್ಳವಿದೆ. ಮಳೆಗಾಲದಲ್ಲಿ ಹಳ್ಳ ಬಂದರೆ ಊರು ಎರಡು ದಿನ ಆಚೆಯೇ. ಹೆರಿಗೆ ನೋವು ಬಂದವಳನ್ನು ಹಗ್ಗದ ಹೊರಸಿನ ಮೇಲೆ ಹೊತ್ತು ದಾಟಿಸಿದ ಕತೆ ಅಲ್ಲಿ ಮನೆಮನೆಗೂ ಒಂದೊಂದಿದೆ. ದಾಟಿಸಲಾಗದ ಕತೆಯೂ ಇದೆ. ಮಾಮಾ ಎರಡು ಅವಧಿಯಲ್ಲೂ ಸೇತುವೆ ಮಾಡಿಸುತ್ತೇನೆ ಎಂದು ಹೇಳಿಯೇ ಹೋದರು. ಅಕ್ಕ ಅದನ್ನು ಹಿಡಿದು ಕೂತಳು. ವಿಧಾನಸಭೆಯಲ್ಲಿ ಕೇಳಬೇಕಾದ ಪ್ರಶ್ನೆಯನ್ನು ನಾನು ಬರೆದುಕೊಟ್ಟೆ, ವ್ಯಾಕರಣ ತಿದ್ದಿ, ಚಂದ ಮಾಡಿ. ಅವಳು ಅದನ್ನು ಓದಿ ಪಕ್ಕಕ್ಕಿಟ್ಟಳು. "ಇದು ನಿನ್ನ ಮಾತಾತು. ಅಲ್ಲಿ ನಾ ನನ್ನ ಮಾತಿಲೇನ ಕೇಳಬೇಕು," ಎಂದಳು. ಆ ದಿನದ ಸದನದ ಕಲಾಪವನ್ನು ನಾನು ಶಾಲೆಯಲ್ಲಿ ಮೊಬೈಲು ಹಿಡಿದು ನೋಡಿದೆ. ಬೂದು ಬಣ್ಣದ ಸೀರೆಯಲ್ಲ, ಕೆಂಪು ಸೆರಗಿನ ನಮ್ಮ ಸೀರೆ ಉಟ್ಟು ನಿಂತಿದ್ದಳು. ಮಂತ್ರಿಗಳು ಪರಿಶೀಲಿಸಲಾಗುವುದು ಎಂದು ಕೂತರೆ ಮತ್ತೆ ಎದ್ದಳು. "ಪರಿಶೀಲನಾ ಅನ್ನೂದನ್ನ ನಮ್ಮ ಯಜಮಾನ್ರಿಗೂ ಹೇಳೀರಿ. ಅವರು ತೀರಿಕೊಂಡ್ರು. ನನಗ ತಾರೀಖ ಹೇಳ್ರಿ," ಎಂದಳು. ಸ್ಟಾಫ್ ರೂಮಿನಲ್ಲಿ ನಾನೊಬ್ಬಳೇ ಎದ್ದು ನಿಂತು ಚಪ್ಪಾಳೆ ಹೊಡೆದೆ.

ಬೆಂಗಳೂರಿನಿಂದ ಬಂದವಳು ನೇರ ನಮ್ಮ ಮನೆಗೆ ಬಂದಳು. ಊಟ ಮಾಡುತ್ತಾ, ತಲೆ ತಗ್ಗಿಸಿಕೊಂಡೇ ಹೇಳಿದಳು. "ಮುಂದಿನ ಸಲಾನೂ ನಾ ನಿಂದ್ರತೇನಿ. ಯಾರರ ಹೇಂತಿ ಅಂತ ಅಲ್ಲ. ನನಗ ಇದು ಬೇಕನಸೈತಿ." ನಲವತ್ತೈದು ವರ್ಷದ ನನ್ನ ಅಕ್ಕನ ಬಾಯಲ್ಲಿ ನನಗೆ ಇದು ಬೇಕು ಎಂಬ ಮಾತು ನಾನು ಕೇಳಿದ್ದು ಅದೇ ಮೊದಲು. ಸೀರೆ ಅಂಗಡಿಯಲ್ಲೂ ಅವಳು "ನಿನಗ ಯಾವುದ ಪಸಂದ ನೋಡ" ಅನ್ನುತ್ತಿದ್ದವಳು. ನನಗೆ ಅಳು ಬಂತು, ಸಾರು ಬಡಿಸುವ ನೆಪದಲ್ಲಿ ಎದ್ದು ಹೋದೆ.

ಸೇತುವೆ ಮಂಜೂರಾಯಿತು. ಆಗ ಸಾರ್ವತ್ರಿಕ ಚುನಾವಣೆಗೆ ಕೆಲವೇ ತಿಂಗಳಿದ್ದವು. ಪೂಜೆಯ ದಿನ ಕಾರಿನಲ್ಲಿ ನಾವಿಬ್ಬರೇ ಹಿಂದೆ ಕೂತಿದ್ದೆವು. ಹುನಗುಂದ ದಾಟಿದ ಮೇಲೆ ಅಕ್ಕ ಹೇಳಿದಳು. "ಇವತ್ತ ಗುದ್ದಲಿ ನಾ ಹಿಡೀತೇನಿ. ಇದು ನಾ ತಂದಿದ್ದು."

ನಾನೇನೆಂದೆ? ಓದುವವರು ನಾನು ಖುಷಿಪಟ್ಟೆ ಎಂದುಕೊಂಡಿರಬಹುದು. ನಾನು ಹೆದರಿದೆ. "ಬ್ಯಾಡ ಅಕ್ಕಾ. ಎಲೆಕ್ಷನ್ ತೆಲಿ ಮ್ಯಾಲ ಬಂದೈತಿ. ನಾಳೆ ಮಳಿ ಹೋದ್ರೂ ನಿನ್ನ ಕೈಲೇ ಹೋತು ಅಂತಾರ, ಕಂಬ ಬಿದ್ರೂ ನಿನ್ನ ಕೈಲೇ ಬಿತ್ತು ಅಂತಾರ. ಇದೊಂದ ಸಲ ತಡಿ. ಮುಂದಿನ ಸಲ ಆರಿಸಿ ಬಂದ್ಯಂದ್ರ ಎಲ್ಲಾನೂ ನೀನ ಹಿಡಿ," ಎಂದೆ. ಅವಳ ಕುರ್ಚಿ ಉಳಿಯಲಿ ಎಂದೇ ಹೇಳಿದೆ, ಇದರಲ್ಲಿ ಕಪಟವಿರಲಿಲ್ಲ. ಅಕ್ಕ ಕಿಟಕಿಯ ಕಡೆ ತಿರುಗಿದಳು.

ಆವತ್ತೂ ಮೈದುನ ಮತ್ತು ಅವನ ಹೆಂಡತಿಯೇ ಹಿಡಿದರು. ಅಕ್ಕ ಪಕ್ಕದಲ್ಲಿ ಕೈ ಕಟ್ಟಿಕೊಂಡು ನಿಂತಿದ್ದಳು. ಡೊಳ್ಳು ಬಡಿಯುತ್ತಿದ್ದವು, ಭಂಡಾರ ಹಾರುತ್ತಿತ್ತು. ಜನ ಚುರುಮುರಿ, ಚಹಾದ ಕಡೆ ಸರಿದಾಗ ಒಬ್ಬ ಮುದುಕಿ ಬಂದು ನನ್ನ ಮುಂಗೈ ಹಿಡಿದಳು.

"ಯವ್ವಾ, ಎಮ್ಮೆಲ್ಲೆ ಬಾಯಾರ ತಂಗಿ ಹೌದಿಲ್ಲೋ ನೀ?"

"ಹೌದ್ರಿ ಆಯಿ."

"ನಿಮ್ಮಕ್ಕಗ ಕೈ ಬ್ಯಾನಿ ಏನ?"

ನನಗೆ ಅರ್ಥವಾಗಲಿಲ್ಲ. ಇಲ್ಲ ಎಂದೆ.

"ಮತ್ಯಾಕ ಆಕಿ ಗುದ್ದಲಿ ಹಾಕಲಿಲ್ಲ? ಆಕೀನ ತಂದಾಳ, ಆಕೀನ ಹಾಕಬೇಕಿತ್ತಲ್ಲ. ನಾವೆಲ್ಲಾ ಅದನ್ನ ನೋಡಾಕ ಬಂದಿದ್ವಿ."

ಗಂಡ ಇಲ್ಲದವಳಲ್ಲವೇ, ಊರವರು ಏನಾದರೂ ಅಂದುಕೊಂಡಾರು ಎಂದೆ. ಮುದುಕಿ ನನ್ನನ್ನು ಮೇಲಿಂದ ಕೆಳಗೆ ನೋಡಿದಳು. "ನಾನೂ ಗಂಡ ಸತ್ತಾಕೀನ. ವರ್ಷಾ ಬಿತ್ತೂ ಕೂರಗಿ ಪೂಜಿ ನಾನ ಮಾಡತೇನಿ. ಉಡ್ಯಾಗ ಬೀಜಾ ಕಟಗೊಂಡ ಕೂರಗಿ ಹಿಂದ ಹೋಗಾಕಿ ನಾನ. ಬಿತ್ತಿದ್ದು ಹುಟ್ಟೂದು ಬಿಟ್ಟೈತೇನ? ನೀ ಸಾಲಿ ಕಲ್ತಾಕಿ, ಇದೆಲ್ಲಿ ಕಲ್ತಿ?" ಎಂದಳು. ಚಹಾದ ಕಡೆ ಹೊರಟುಹೋದಳು.

ಈ ಮಾತನ್ನು ನಾನು ಅಕ್ಕನಿಗೆ ಹೇಳಲಿಲ್ಲ. ಅವಳಿಗೆ ನೋವಾಗುತ್ತದೆ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ನಿಜ ಏನೆಂದರೆ ನನಗೆ ನಾಚಿಕೆಯಾಗಿತ್ತು.

ಟಿಕೆಟ್ ಹಂಚುವ ಹೊತ್ತು ಬಂತು. ಬಾಗಲಕೋಟೆಯ ಒಂದು ಲಾಡ್ಜಿನಲ್ಲಿ ಅದೇ ಉಸ್ತುವಾರಿಯವರು ಬಂದು ಇಳಿದುಕೊಂಡಿದ್ದರು. ಅಕ್ಕ ನನ್ನನ್ನೂ ಕರೆದುಕೊಂಡು ಹೋದಳು. ತಾನು ಮಾಡಿದ ಕೆಲಸಗಳ ಪಟ್ಟಿಯನ್ನು ತನ್ನ ದುಂಡು ಅಕ್ಷರದಲ್ಲೇ ಬರೆದುಕೊಂಡಿದ್ದಳು, ಯಾವ ಊರಿಗೆ ಏನು, ಯಾರ ಅರ್ಜಿಗೆ ಏನಾಯಿತು ಎಂದು. ಆತ ಅದನ್ನು ಮರ್ಯಾದೆಯಿಂದ ಇಸಿದುಕೊಂಡು ಪಕ್ಕಕ್ಕಿಟ್ಟರು. ಆಮೇಲೆ ಟೇಬಲ್ಲಿನ ಮೇಲಿದ್ದ ಒಂದು ದಪ್ಪ ಆಲ್ಬಮ್ಮನ್ನು ನಮ್ಮ ಕಡೆ ತಿರುಗಿಸಿದರು. ಮದುವೆ ಆಲ್ಬಮ್ಮಿನ ಹಾಗೆ ಮಿರಿಮಿರಿ ರಟ್ಟು. ಮೈದುನ ಕೊಟ್ಟು ಹೋಗಿದ್ದನಂತೆ.

ಪುಟ ತಿರುವಿದರೆ ಮೈದುನ ಗುದ್ದಲಿ ಹಿಡಿದಿದ್ದಾನೆ. ಇನ್ನೊಂದು ಪುಟ, ಇನ್ನೊಂದು ಊರು, ಅದೇ ಗುದ್ದಲಿ, ಅವನೇ. ರಸ್ತೆ, ಗಟಾರು, ಟ್ಯಾಂಕು, ಶಾಲೆ. ಪಕ್ಕದಲ್ಲಿ ಹೆಂಡತಿ, ಹಸಿರು ಬಳೆ, ಹಣೆ ತುಂಬ ಕುಂಕುಮ. ಕೆಲವದರಲ್ಲಿ ಅಕ್ಕನ ಭುಜ ಕಾಣುತ್ತಿತ್ತು, ಕೆಲವದರಲ್ಲಿ ಅದೂ ಇಲ್ಲ. ಕೊನೆಯ ಪುಟದಲ್ಲಿ ಹಳ್ಳದ ಸೇತುವೆಯ ಪೂಜೆ, ಎರಡು ಪುಟ ಸೇರಿಸಿ ದೊಡ್ಡದಾಗಿ ಹಾಕಿಸಿದ್ದ.

"ಮೇಡಮ್, ಸರ್ವೆ ಮಾಡಿಸೀವ್ರಿ," ಎಂದರು ಆತ. "ಕೆಲಸ ಮಾಡಿದವ್ರು ಯಾರು ಅಂದ್ರ ಜನಾ ಇವರನ್ನ ತೋರಸ್ತಾರ. ನಿಮ್ಮ ಬಗ್ಗೆ ಎಲ್ಲಾರಿಗೂ ಕನಿಕರ ಐತ್ರಿ. ಆದ್ರ ಕನಿಕರ ಒಂದ ಸಲದ್ದು."

ಅಕ್ಕ ಆ ಕೊನೆಯ ಪುಟದ ಮೇಲೆ ಬೆರಳಿಟ್ಟಳು. "ಆ ಗುದ್ದಲಿ ನನ್ನ ಕೈಗೆ ಬರಗೊಡಲಿಲ್ಲಲ್ರಿ," ಎಂದಳು.

"ಯಾರ ಬರಗೊಡಲಿಲ್ರಿ?" ಆತ ನಿಜಕ್ಕೂ ಆಶ್ಚರ್ಯದಿಂದ ಕೇಳಿದರು. "ಪಕ್ಷದಾಗ ಯಾರೂ ಬ್ಯಾಡ ಅಂದಿಲ್ಲ. ನಿಮ್ಮ ಮೈದುನ ಅಂದ್ರೇನು? ಊರವ್ರು ಅಂದ್ರೇನು? ಹೇಳ್ರಿ, ಯಾರ ಅಂದ್ರು?"

ಅಕ್ಕ ನನ್ನ ಕಡೆ ತಿರುಗಲಿಲ್ಲ. ತಿರುಗಿದ್ದರೆ ಅಷ್ಟೇ ಸಾಕಿತ್ತು, ನಾನು ಬಾಯಿ ಬಿಡುತ್ತಿದ್ದೆ. ಆಲ್ಬಮ್ಮನ್ನು ಮುಚ್ಚಿ, "ಯಾರೂ ಅಲ್ರಿ. ನಾನ ಹಿಂದ ಸರದೇನಿ," ಎಂದಳು. ಎದ್ದು ನಮಸ್ಕಾರ ಮಾಡಿದಳು. ಬರೆದು ತಂದಿದ್ದ ಪಟ್ಟಿಯನ್ನು ತೆಗೆದುಕೊಳ್ಳಲು ಮರೆತಳು, ನಾನೂ ನೆನಪು ಮಾಡಲಿಲ್ಲ.

ಟಿಕೆಟ್ ಮೈದುನನಿಗಾಯಿತು. ಅವನನ್ನು ಬೈದು ಸಿಟ್ಟು ತೀರಿಸಿಕೊಳ್ಳುವುದು ನನಗೆ ಸುಲಭ, ಎಷ್ಟೋ ದಿನ ಅದನ್ನೇ ಮಾಡಿದೆ. ನನ್ನ ಗಂಡನೆದುರು, ಸ್ಟಾಫ್ ರೂಮಿನಲ್ಲಿ, ಅಡುಗೆ ಮಾಡುವಾಗ ಒಬ್ಬಳೇ. ಕೈಗೆ ಕೊಟ್ಟ ಗುದ್ದಲಿಯನ್ನು ಅವನು ಹಿಡಿದ. ಕೊಟ್ಟವರು ಯಾರು ಎಂಬ ಮಾತು ಬಂದಾಗ ನಾನೇ ಬೇರೆ ವಿಷಯ ತೆಗೆಯುತ್ತಿದ್ದೆ.

ಪ್ರಚಾರಕ್ಕೆ ಅಕ್ಕ ಬೇಕೆಂದರು. ಭಾಷಣ ಬೇಡ, ವೇದಿಕೆಯ ಮೇಲೆ ಮಾಮಾನ ಫೋಟೋದ ಪಕ್ಕ ಸುಮ್ಮನೆ ಕೂತರೆ ಸಾಕು. ಬಾದಾಮಿ ಕಡೆಯ ನೆಂಟರಿಷ್ಟರೆಲ್ಲ ಬರುವ ಸಭೆಗೂ ಕರೆದೊಯ್ದರು. ನಾನು ಹೋಗಬೇಡ ಎಂದೆ. "ಮನಿ ಅವರದೈತಿ. ನಾ ಇರೂದು ಆ ಮನ್ಯಾಗ," ಎಂದಳು. ಹೋಗಿ ಕೂತಳು. ಬೂದು ಬಣ್ಣದ ಸೀರೆಯನ್ನು ತಾನೇ ಹುಡುಕಿ ತೆಗೆದು ಉಟ್ಟಿದ್ದಳು. ಮೈದುನ ಗೆದ್ದ. ಪಡಸಾಲೆಯಲ್ಲಿ ಮತ್ತೆ ಬೆಳಿಗ್ಗೆ ಆರಕ್ಕೇ ಜನ ಕೂರತೊಡಗಿದರು, ಅಕ್ಕ ಮತ್ತೆ ಅಡುಗೆಮನೆಗೆ ಹೋದಳು. ಮೊದಮೊದಲು ಕೆಲವು ಹೆಂಗಸರು ಅವಳನ್ನು ಕೇಳಿಕೊಂಡು ಒಳಗೆ ಬರುತ್ತಿದ್ದರಂತೆ. "ಸಾಹೇಬ್ರು ಹೊರಗ ಅದಾರ, ಅವರಿಗೆ ಹೇಳ್ರಿ," ಎಂದು ಇವಳೇ ಕಳಿಸುತ್ತಿದ್ದಳಂತೆ. ಆಮೇಲೆ ಅವರೂ ನಿಲ್ಲಿಸಿದರು.

ಹೋದ ತಿಂಗಳು ಭಾನುವಾರ ಇಳಕಲ್ಲಿಗೆ ಹೋಗಿದ್ದೆ. ಅಕ್ಕ ಹಿತ್ತಲ ಕಟ್ಟೆಯ ಮೇಲೆ ಮೊರದಲ್ಲಿ ಜೋಳ ಕೇರುತ್ತಿದ್ದಳು. ನಾನೂ ಎದುರು ಕೂತು ಹರಳು ಆರಿಸತೊಡಗಿದೆ. ಪಕ್ಕದ ಓಣಿಯಲ್ಲಿ ಮಗ್ಗದ ಸಪ್ಪಳ ಕೇಳುತ್ತಿತ್ತು. ಅದೂ ಇದೂ ಮಾತಾಡಿದೆವು, ನನ್ನ ಮಂಡಿನೋವು, ಶಾಲೆಯ ಹೊಸ ಹೆಡ್‌ಮಾಸ್ತರು. ಮಾತಿನ ನಡುವೆ, ತಲೆ ಎತ್ತದೆ, ಸಾವಕಾಶವಾಗಿ ಅಕ್ಕ ಕೇಳಿದಳು.

"ಹಳ್ಳದ ಪೂಜಿ ದಿನಾ ನನಗ ಬ್ಯಾಡ ಅಂದ್ಯಲ್ಲ. ಆ ಊರವ್ರು ಯಾರರ ನಿನಗ ಬಂದ ಹೇಳಿದ್ರೇನ?"

"ಇಲ್ಲ."

"ಪೂಜಾರಿ?"

"ಇಲ್ಲ ಅಕ್ಕಾ."

"ಮೈದುನ ಏನರ ನಿನ್ನ ಮುಂದ ಅಂದಿದ್ನೇನ? ಸುಳ್ಳ ಹೇಳಬ್ಯಾಡ. ಈಗೇನ ನಾ ಜಗಳಾ ತೆಗ್ಯಾಕಿ ಅಲ್ಲ."

ಹೌದು ಎಂದು ಒಂದು ಸುಳ್ಳು ಹೇಳಿದ್ದರೆ ಅವಳಿಗೆ ಸಮಾಧಾನವಾಗುತ್ತಿತ್ತೇನೋ. ಯಾರಾದರೂ ಒಬ್ಬ ವೈರಿ ಇದ್ದಾನೆ ಎಂದಾದರೂ ತಿಳಿಯುತ್ತಿದ್ದಳು. ಹೇಳಲು ಬಾಯಿ ಬರಲಿಲ್ಲ.

"ಯಾರೂ ಅಂದಿರಲಿಲ್ಲ," ಎಂದೆ. "ಅಂದಾರು ಅಂತ ನನಗ ಅನಿಸಿತ್ತು."

ಅಕ್ಕ ಮೊರ ಕೆಳಗಿಟ್ಟಳು. ಸಿಟ್ಟಿಗೇಳುತ್ತಾಳೆ ಎಂದು ಕಾದೆ. ಏಳಲಿ ಎಂದು ಬಯಸಿದೆ. ಬಹಳ ಹೊತ್ತು ನನ್ನ ಮುಖವನ್ನೇ ನೋಡಿದಳು.

"ಹಂಗಾರ ಇಡೀ ಕ್ಷೇತ್ರದಾಗ ನೀ ಒಬ್ಬಾಕೀನ ಅಂದಿ," ಎಂದಳು.